ವಚನ ಸಿಕ್ಕಿತು, ವಾಕ್ಯಭಾಗ ಎಲ್ಲಿ?

ಭಾನುವಾರ ಶಾಲೆಯ ಶಿಕ್ಷಕರು ಮತ್ತು ಮನೆಕೂಟಗಳಲ್ಲಿ ವಾಕ್ಯ ಹಂಚಿಕೊಳ್ಳುವವರು ಸೇರಿದ್ದ ಒಂದು ಕಡೆ ನಾನು ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಅಲ್ಲಿ ಪರದೆಯ ಮೇಲೆ ಒತ್ತಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕು, ಅದಕ್ಕೇ ಕೆಲವು ಕಡೆ ಉದ್ದವಾಗಿದೆ. ಫೋನನ್ನು ಪಕ್ಕದಲ್ಲಿ ಇಟ್ಟುಕೊಂಡು, ಹೇಳಿದ್ದನ್ನು ಮಾಡಿ ನೋಡುತ್ತಾ ಓದಿದರೆ ಜಾಸ್ತಿ ಉಪಯೋಗ.

ಎಲ್ಲರಿಗೂ ವಂದನೆಗಳು.

ನಮ್ಮ ಆರಾಧನೆಗಳಲ್ಲಿ ಆಗಿರುವ ಒಂದು ಬದಲಾವಣೆಯನ್ನು ನೀವೂ ನೋಡಿರುತ್ತೀರಿ. ಸಭಾಪಾಲಕರು 'ಯೆರೆಮೀಯ ಇಪ್ಪತ್ತೊಂಬತ್ತು, ಹನ್ನೊಂದು' ಅನ್ನುತ್ತಿದ್ದ ಹಾಗೆ ಫೋನಿನಲ್ಲಿ ಬೈಬಲ್ ತೆರೆದವರು ಅಲ್ಲಿ ತಲುಪಿರುತ್ತಾರೆ. ಪುಸ್ತಕ ಹಿಡಿದವರು ಇನ್ನೂ ಪುಟ ತಿರುವುತ್ತಿರುತ್ತಾರೆ, ಯೆಶಾಯ ದಾಟಿತಾ, ಪ್ರಲಾಪಗಳು ಬಂದುಬಿಟ್ಟಿತಾ ಅಂತ. ಆದರೆ ಪುಟ ತಿರುವಿದವರು ಅಲ್ಲಿ ತಲುಪಿದಾಗ ಅವರ ಕಣ್ಣ ಮುಂದೆ ಎರಡು ಪುಟ ಪೂರ್ತಿ ಇರುತ್ತದೆ. ಮೇಲೆ ಏನಿದೆ, ಕೆಳಗೆ ಏನಿದೆ, ಹಿಂದಿನ ಅಧ್ಯಾಯ ಎಲ್ಲಿ ಮುಗಿಯಿತು, ಎಲ್ಲ ಕಾಣುತ್ತದೆ. ಫೋನಿನವರಿಗೆ ಕಾಣುವುದು ಹಳದಿ ಬಣ್ಣ ಬಳಿದ ಒಂದು ವಚನ, ಅದರ ಆಚೀಚೆ ನಾಲ್ಕು ಸಾಲು. ಹುಡುಕಿ ಬಂದವರಿಗಂತೂ ಆ ನಾಲ್ಕು ಸಾಲೂ ಇರುವುದಿಲ್ಲ.

ಇದನ್ನು ಫೋನ್ ಬೇಡ ಅನ್ನುವುದಕ್ಕೆ ಹೇಳುತ್ತಿಲ್ಲ. ನಾನು ದಿನಾ ಓದುವುದು ಅದರಲ್ಲೇ. ನಾನು ಹೇಳಬೇಕೆಂದಿರುವುದು ಇಷ್ಟು: ವಚನ ಹುಡುಕುವ ಕೆಲಸವನ್ನು ಸಾಫ್ಟ್‌ವೇರ್ ನಮಗೆ ಮಾಡಿಕೊಡುತ್ತದೆ, ವಾಕ್ಯಭಾಗ, ಅಂದರೆ ಆ ವಚನ ಸೇರಿರುವ ಇಡೀ ಮಾತು, ಹುಡುಕುವ ಕೆಲಸ ನಮ್ಮದೇ. ಅದಕ್ಕೂ ಅದೇ ಸಾಫ್ಟ್‌ವೇರ್ ಒಳಗೆ ಒಳ್ಳೆಯ ಸಾಧನಗಳಿವೆ. ಅವನ್ನು ನಾವು ಮುಟ್ಟುವುದೇ ಇಲ್ಲ.

ಮೊದಲು ವಿಳಾಸದ ವಿಷಯ. ಪುಸ್ತಕ, ಅಧ್ಯಾಯ, ವಚನ. ಯೋಹಾನ 3:16 ಅಂದರೆ ಯಾವ ಭಾಷೆಯವರೂ ಒಂದೇ ಜಾಗಕ್ಕೆ ಹೋಗುತ್ತಾರೆ. ಇದು ಎಷ್ಟು ದೊಡ್ಡ ಅನುಕೂಲ ಅನ್ನುವುದು ಇಲ್ಲದಿದ್ದ ಕಾಲವನ್ನು ನೆನೆಸಿಕೊಂಡರೆ ಗೊತ್ತಾಗುತ್ತದೆ. ಪೌಲ ರೋಮಾಪುರದವರಿಗೆ ಬರೆದಾಗ ಆ ಪತ್ರದಲ್ಲಿ ಅಧ್ಯಾಯವೂ ಇರಲಿಲ್ಲ, ವಚನದ ನಂಬರೂ ಇರಲಿಲ್ಲ. ನಾವು ಇವತ್ತು ಬಳಸುವ ಅಧ್ಯಾಯಗಳನ್ನು ಮಾಡಿದ್ದು ಸ್ಟೀಫನ್ ಲ್ಯಾಂಗ್ಟನ್, 13ನೇ ಶತಮಾನದ ಆರಂಭದಲ್ಲಿ. ಪ್ಯಾರಿಸ್‌ನಲ್ಲಿ ಪಾಠ ಹೇಳುತ್ತಿದ್ದವರು, ಆಮೇಲೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದರು. ಅದೇ ಶತಮಾನದಲ್ಲಿ ಪ್ಯಾರಿಸ್‌ನ ಡೊಮಿನಿಕನ್ ಸಂನ್ಯಾಸಿಗಳು ಪದಗಳ ದೊಡ್ಡ ಸೂಚಿಯೊಂದನ್ನು ಕಟ್ಟಿದರು. ಆಗ ವಚನದ ನಂಬರ್ ಇರಲಿಲ್ಲವಲ್ಲ, ಅದಕ್ಕೆ ಪ್ರತಿ ಅಧ್ಯಾಯವನ್ನು ಅಂದಾಜಿನಲ್ಲಿ ಏಳು ಭಾಗ ಮಾಡಿ ಎ ಇಂದ ಜಿ ವರೆಗೆ ಅಕ್ಷರ ಕೊಟ್ಟರು. ಈ ಪದ ಈ ಅಧ್ಯಾಯದ 'ಸಿ' ಭಾಗದಲ್ಲಿದೆ ಅಂತ ಹೇಳಿದರೆ ಓದುಗ ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಓದಿ ಹುಡುಕಬೇಕಿತ್ತು.

ಹೀಬ್ರೂ ಪಠ್ಯದಲ್ಲಿ ವಚನ ಎಲ್ಲಿ ಮುಗಿಯುತ್ತದೆ ಅನ್ನುವ ಗುರುತು ಅದಕ್ಕೂ ಬಹಳ ಮೊದಲೇ ಇತ್ತು. ಹೊಸ ಒಡಂಬಡಿಕೆಗೆ ಇವತ್ತಿನ ವಚನಗಳ ನಂಬರ್ ಕೊಟ್ಟಿದ್ದು ರಾಬರ್ಟ್ ಎಸ್ಟಿಯೆನ್ ಅನ್ನುವ ಮುದ್ರಕ, 1551ರಲ್ಲಿ ಜಿನೀವಾದಲ್ಲಿ ಅಚ್ಚಾದ ಗ್ರೀಕ್ ಪ್ರತಿಯಲ್ಲಿ. ಪ್ಯಾರಿಸ್‌ನಿಂದ ಲಿಯಾನ್‌ಗೆ ಪ್ರಯಾಣ ಮಾಡುವಾಗ ಅಪ್ಪ ಈ ಕೆಲಸ ಮಾಡಿದರು ಅಂತ ಅವರ ಮಗ ಬರೆದಿಟ್ಟಿದ್ದಾನೆ. 1560ರ ಜಿನೀವಾ ಬೈಬಲ್ ಆ ನಂಬರುಗಳನ್ನು ಇಂಗ್ಲಿಷ್ ಓದುಗರ ಮನೆಗೆ ತಂದಿತು, ಪ್ರತಿ ವಚನವನ್ನೂ ಹೊಸ ಸಾಲಿನಿಂದ ಶುರು ಮಾಡಿ. ನಮ್ಮ ಕಣ್ಣಿಗೆ ವಚನ ಅನ್ನುವುದು ಬಿಡಿ ಬಿಡಿಯಾದ ಒಂದೊಂದು ಮಾತು ಅಂತ ಕಾಣಲು ಶುರುವಾಗಿದ್ದರಲ್ಲಿ ಆ ಸಾಲು ಮುರಿಯುವ ಪದ್ಧತಿಯ ಪಾಲು ದೊಡ್ಡದು ಅಂತ ನನಗೆ ಅನಿಸುತ್ತದೆ.

ಈ ಇತಿಹಾಸ ಯಾಕೆ ಹೇಳಿದೆ ಅಂದರೆ, ನಮ್ಮ ಆ್ಯಪ್‌ಗಳೆಲ್ಲ ನಿಂತಿರುವುದು ಈ ವಿಳಾಸದ ಮೇಲೆ. ನೀವು ಕನ್ನಡದಲ್ಲಿ 'ಯೋಹಾನ 3:16' ಅಂತ ಬರೆದರೂ, ತಮಿಳಿನಲ್ಲಿ ಬರೆದರೂ, ಒಳಗೆ ಅದು ಒಂದೇ ಸಂಕೇತವಾಗಿ ಬದಲಾಗುತ್ತದೆ. ಓಸಿಸ್ ಅನ್ನುವ ಒಂದು ಮುಕ್ತ ಮಾನದಂಡದಲ್ಲಿ ಅದು 'ಜಾನ್ ಚುಕ್ಕಿ 3 ಚುಕ್ಕಿ 16'. ಎರಡು ಕಿಟಕಿ ತೆರೆದು ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಇಂಗ್ಲಿಷ್ ಇಟ್ಟರೆ ಎರಡೂ ಜೊತೆಜೊತೆಗೆ ಸರಿಯುತ್ತವಲ್ಲ, ಅದು ಈ ಸಂಕೇತದಿಂದ. ಎರಡು ಪಠ್ಯಗಳ ನಂಬರ್ ಹೊಂದಿದರೆ ಸಾಫ್ಟ್‌ವೇರ್ ಚೆನ್ನಾಗಿ ನಡೆಯುತ್ತದೆ. ಹೊಂದದಿದ್ದರೆ ಎಡವುತ್ತದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಈಗ ಬರೆಯುವ ಪೆಟ್ಟಿಗೆಗೆ ಬನ್ನಿ. ಕನ್ನಡದಲ್ಲಿ ಹೆಸರನ್ನು ಚಿಕ್ಕದು ಮಾಡಿ ಬರೆಯುವಾಗ ಸ್ವಲ್ಪ ಜಾಗ್ರತೆ ಬೇಕು. ಸುಮ್ನೆ 'ಯೋ' ಅಂತ ಬರೆದರೆ ಯೋಬ, ಯೋವೇಲ, ಯೋನ, ಯೋಹಾನ, ನಾಲ್ಕೂ ಬರಬಹುದು. 'ಯೆ' ಅಂದರೆ ಯೆಹೋಶುವ, ಯೆಶಾಯ, ಯೆರೆಮೀಯ, ಯೆಹೆಜ್ಕೇಲ. 'ಪ್ರ' ಅಂದರೆ ಪ್ರಸಂಗಿ, ಪ್ರಲಾಪಗಳು, ಪ್ರಕಟನೆ. ಹಾಗಾಗಿ ಕನಿಷ್ಠ ಎರಡು ಮೂರು ಅಕ್ಷರ ಬರೆಯಿರಿ. ಇನ್ನೊಂದು, ಅನುವಾದ ಬದಲಾದರೆ ಪುಸ್ತಕದ ಹೆಸರೂ ಬದಲಾಗುತ್ತದೆ. ನಾವು ಅಪೊಸ್ತಲರ ಕೃತ್ಯಗಳು ಅನ್ನುವುದು ಇನ್ನೊಂದು ಅನುವಾದದಲ್ಲಿ ಪ್ರೇಷಿತರ ಕಾರ್ಯಕಲಾಪಗಳು. 'ಅಪೊ' ಅಂತ ಬರೆದು ಏನೂ ಬರಲಿಲ್ಲ ಅಂದರೆ ಪುಸ್ತಕ ಅಲ್ಲಿಲ್ಲ ಅಂತಲ್ಲ, ಹೆಸರು ಬೇರೆ ಅಂತ. ಎಷ್ಟೋ ಆ್ಯಪ್‌ಗಳು ಇಂಗ್ಲಿಷಿನ ಚಿಕ್ಕ ಹೆಸರನ್ನೂ ಒಪ್ಪುತ್ತವೆ. ತುರ್ತಿದ್ದಾಗ ಅದು ಸುಲಭ. ಕನ್ನಡ ಅಂಕಿಗಳಲ್ಲಿ ಬರೆದರೆ ಕೆಲವಕ್ಕೆ ಅರ್ಥವಾಗುವುದಿಲ್ಲ, ಅಲ್ಲಿ 1, 2, 3 ಅಂತಲೇ ಬರೆಯಿರಿ.

ಚಿಹ್ನೆಗಳಿಗೂ ಅರ್ಥವಿದೆ. 'ಯೋಹಾನ 3:16-18, 36; 4:1' ಅಂತ ಬರೆದರೆ ಅಡ್ಡಗೀಟು ಅಂದರೆ 16ರಿಂದ 18ರ ತನಕ, ಅಲ್ಪವಿರಾಮದ ನಂತರದ 36 ಅದೇ ಅಧ್ಯಾಯದ ವಚನ, ಅರ್ಧವಿರಾಮದ ನಂತರದ 4:1 ಅದೇ ಪುಸ್ತಕದ ಮುಂದಿನ ಅಧ್ಯಾಯ. ಇದನ್ನು ಸರಿಯಾಗಿ ಬರೆದರೆ ಕಂಪ್ಯೂಟರಿನ ಅಧ್ಯಯನ ಸಾಫ್ಟ್‌ವೇರ್‌ಗಳು ಮೂರನ್ನೂ ಒಟ್ಟಿಗೆ ತೆರೆಯುತ್ತವೆ. ಪಾಠ ತಯಾರಿ ಮಾಡುವವರಿಗೆ ಇದು ಬಹಳ ಸಮಯ ಉಳಿಸುತ್ತದೆ. ಇನ್ನು ಒಂದೇ ಅಧ್ಯಾಯದ ಪುಸ್ತಕಗಳು ಐದಿವೆ: ಓಬದ್ಯ, ಫಿಲೆಮೋನ, 2 ಯೋಹಾನ, 3 ಯೋಹಾನ, ಯೂದ. 'ಯೂದ 5' ಅಂತ ಬರೆದರೆ ಒಂದು ಸಾಫ್ಟ್‌ವೇರ್ ಐದನೇ ವಚನಕ್ಕೆ ಹೋಗುತ್ತದೆ, ಇನ್ನೊಂದು ಐದನೇ ಅಧ್ಯಾಯ ಹುಡುಕಿ ಇಲ್ಲ ಅನ್ನುತ್ತದೆ. 'ಯೂದ 1:5' ಅಂದರೆ ಎಲ್ಲ ಕಡೆ ನಡೆಯುತ್ತದೆ.

ವಿಳಾಸ ಗೊತ್ತಿಲ್ಲದಾಗ ಏನು ಮಾಡುತ್ತೇವೆ? ನೆನಪಿರುವ ಪದ ಹಾಕಿ ಹುಡುಕುತ್ತೇವೆ. ಕನ್ನಡದಲ್ಲಿ ಹೆಚ್ಚು ಜನ ಸೋಲುವುದು ಇಲ್ಲೇ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಯೋಹಾನ 3:16 ನಮ್ಮ ಹಳೆಯ ಅನುವಾದದಲ್ಲಿ ಶುರುವಾಗುವುದು ಹೀಗೆ: 'ದೇವರು ಲೋಕದ ಮೇಲೆ ಎಷ್ಟೋ ಪ್ರೀತಿಯನ್ನಿಟ್ಟು'. ಈಗ ಹುಡುಕುವ ಪೆಟ್ಟಿಗೆಯಲ್ಲಿ 'ಪ್ರೀತಿಯನ್ನು' ಅಂತ ಹಾಕಿ. ಬೇರೆ ವಚನಗಳು ಬರುತ್ತವೆ, ಇದು ಬರುವುದಿಲ್ಲ. ಎಲ್ಲರಿಗೂ ಬಾಯಿಪಾಠ ಇರುವ ವಚನವೇ ಸಿಗುವುದಿಲ್ಲ! ಯಾಕೆಂದರೆ 'ಪ್ರೀತಿಯನ್ನು ಇಟ್ಟು' ಅನ್ನುವುದು ಸಂಧಿಯಾಗಿ 'ಪ್ರೀತಿಯನ್ನಿಟ್ಟು' ಆಗಿದೆ. ಕೊನೆಯ 'ಉ' ಹೋಗಿದೆ. ಯಂತ್ರಕ್ಕೆ ನಮ್ಮ ಸಂಧಿ ಗೊತ್ತಿಲ್ಲ, ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ ಅಷ್ಟೇ. ಹಾಗಾದರೆ ಏನು ಮಾಡಬೇಕು? ಕೊನೆಯ ಸ್ವರಚಿಹ್ನೆಯನ್ನು ಅಳಿಸಿಬಿಡಿ. 'ಪ್ರೀತಿಯನ್ನ' ಅಂತ ಹಾಕಿ, ಪದದ ಭಾಗ ಹೊಂದಿದರೂ ಸಾಕು ಅನ್ನುವ ಆಯ್ಕೆ ಇಟ್ಟುಕೊಳ್ಳಿ. ಈಗ 'ಪ್ರೀತಿಯನ್ನು', 'ಪ್ರೀತಿಯನ್ನಿಟ್ಟು' ಎರಡೂ ಬರುತ್ತವೆ. ಇನ್ನೂ ಚಿಕ್ಕದು ಮಾಡಿ 'ಪ್ರೀತಿ' ಅಂತ ಹಾಕಿದರೆ 'ಪ್ರೀತಿಸಿದನು', 'ಪ್ರೀತಿಯಿಂದ' ಎಲ್ಲ ಬರುತ್ತದೆ. ಪಟ್ಟಿ ಉದ್ದವಾಗುತ್ತದೆ, ಆಗಲಿ, ಪುಸ್ತಕದ ಮಿತಿ ಹಾಕಿ ಕಡಿಮೆ ಮಾಡಬಹುದು.

ಇದೇ ಉಪಾಯ 'ದೇವರು' ಅನ್ನುವುದಕ್ಕೂ. ಪೂರ್ತಿ ಪದ ಹಾಕಿದರೆ ದೇವರನ್ನು, ದೇವರಿಗೆ, ದೇವರಿಂದ ಯಾವುದೂ ಬರುವುದಿಲ್ಲ. 'ದೇವರ' ಅಂತ ನಿಲ್ಲಿಸಿದರೆ ಎಲ್ಲ ಬರುತ್ತದೆ. ಇಂಗ್ಲಿಷ್ ಬೈಬಲ್‌ಗೆ ಮಾಡಿದ ಹುಡುಕಾಟದ ಯಂತ್ರವನ್ನೇ ಕನ್ನಡಕ್ಕೂ ಹಾಕಿದ ಕಡೆಗಳಲ್ಲಿ ಪೂರ್ತಿ ಪದವೇ ಹೊಂದಬೇಕು ಅನ್ನುವುದು ಮೊದಲೇ ಆಯ್ಕೆಯಾಗಿರುತ್ತದೆ. ಅದನ್ನು ಬಿಚ್ಚಿ. ಕೆಲವು ಕಡೆ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಇದೇ ಕೆಲಸ ಆಗುತ್ತದೆ.

ಅನುವಾದದ ಪದವೂ ನೆನಪಿರಲಿ. ನಮಗೆ ಬಾಯಿಗೆ ಬರುವುದು ಬಾಲ್ಯದಲ್ಲಿ ಕೇಳಿದ ಪಠ್ಯ, ಫೋನಿನಲ್ಲಿ ತೆರೆದಿರುವುದು ಬೇರೆ ಪಠ್ಯ. ಒಂದರಲ್ಲಿ ಕುರುಬನು, ಇನ್ನೊಂದರಲ್ಲಿ ಕುರಿಗಾಹಿ. ಒಂದರಲ್ಲಿ ಯೆಹೋವನು, ಇನ್ನೊಂದರಲ್ಲಿ ಸರ್ವೇಶ್ವರ. ಸಿಗಲಿಲ್ಲ ಅಂದರೆ ಅನುವಾದ ಬದಲಾಯಿಸಿ ಅದೇ ಪದ ಹಾಕಿ ನೋಡಿ. ಎಲ್ಲಕ್ಕಿಂತ ಒಳ್ಳೆಯದು, ಆ ವಚನದಲ್ಲಿ ಬರುವ ಅಪರೂಪದ ಒಂದು ಹೆಸರೋ ವಸ್ತುವೋ ನೆನಪಿಗೆ ತಂದುಕೊಳ್ಳುವುದು. 'ಪ್ರೀತಿ' ಅಂದರೆ ನೂರಾರು ಕಡೆ. 'ಸಾಸಿವೆ' ಅಂದರೆ ಕೈಬೆರಳಲ್ಲಿ ಎಣಿಸುವಷ್ಟು.

ಹಳೆಯ ಫಾಂಟಿನ ಸಮಸ್ಯೆ ಕೂಡ ಇದೆ. ಯೂನಿಕೋಡ್ ಬರುವ ಮೊದಲಿನ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದಲ್ಲಿ ನಮ್ಮ ಕಣ್ಣಿಗೆ ಕಾಣುವುದು ಕನ್ನಡ, ಯಂತ್ರದ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅಂಥ ಪ್ರಸಂಗದ ಟಿಪ್ಪಣಿಗಳಲ್ಲಿ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ, ಯೂನಿಕೋಡ್‌ಗೆ ಬದಲಾಯಿಸಲೇಬೇಕು. ಯೂನಿಕೋಡ್ ಆದ ಮೇಲೂ ಒಂದು ಸೂಕ್ಷ್ಮ ಉಳಿಯುತ್ತದೆ. 'ಯೋ' ಅನ್ನುವಲ್ಲಿನ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಉಳಿಸಬಹುದು, ಎತ್ವ, ಕೊಂಬು, ದೀರ್ಘ ಅಂತ ಬಿಡಿಬಿಡಿಯಾಗಿಯೂ ಉಳಿಸಬಹುದು. ನೋಡಲು ಎರಡೂ ಒಂದೇ. ಒಳ್ಳೆಯ ಸಾಫ್ಟ್‌ವೇರ್ ಎರಡನ್ನೂ ಒಂದೇ ಎಂದು ಎಣಿಸುತ್ತದೆ, ಎಲ್ಲವೂ ಹಾಗೆ ಮಾಡುವುದಿಲ್ಲ. ಕಣ್ಣೆದುರಿಗಿರುವ ಪದ ಹುಡುಕಿದರೆ ಸಿಗುತ್ತಿಲ್ಲ ಅಂದಾಗ ಆ ಪದವನ್ನು ಟೈಪ್ ಮಾಡಬೇಡಿ, ಅದೇ ಪಠ್ಯದಿಂದ ನಕಲು ಮಾಡಿ ಪೆಟ್ಟಿಗೆಗೆ ಹಾಕಿ.

ಸರಿ, ವಚನ ಸಿಕ್ಕಿತು. ನನಗೆ ಮುಖ್ಯವಾದ ಮಾತು ಇಲ್ಲಿಂದ ಶುರು.

ಯೆರೆಮೀಯ 29:11ಕ್ಕೇ ಹೋಗೋಣ. ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ಕೊಡುವ ವಾಗ್ದಾನದ ಕಾರ್ಡುಗಳಲ್ಲಿ, ಕ್ಯಾಲೆಂಡರಿನಲ್ಲಿ, ಪರೀಕ್ಷೆಗೆ ಹೋಗುವ ಮಕ್ಕಳಿಗೆ ಕಳಿಸುವ ಸಂದೇಶದಲ್ಲಿ, ಎಲ್ಲ ಕಡೆ ಈ ವಚನ ಇದೆ. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆಗಳು ಕೇಡಿನವಲ್ಲ, ಹಿತದವು, ನಿಮಗೆ ನಿರೀಕ್ಷೆಯನ್ನು ಕೊಡುವವು ಅನ್ನುವ ಮಾತು. ಹುಡುಕಾಟದ ಪಟ್ಟಿಯಲ್ಲಿ ಬಂದಾಗ ಇದು ಒಬ್ಬಂಟಿಯಾಗಿ ಇರುತ್ತದೆ. ಅದನ್ನು ಒತ್ತಿ. ಅಧ್ಯಾಯ ತೆರೆಯುತ್ತದೆ. ಬೆರಳಿನಿಂದ ಒಂದೇ ಒಂದು ವಚನ ಮೇಲಕ್ಕೆ ಹೋಗಿ. ಹತ್ತನೆಯದರಲ್ಲಿ ಏನಿದೆ? ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ. ಎಪ್ಪತ್ತು ವರ್ಷ! ಈ ಪತ್ರ ಕೇಳಿಸಿಕೊಂಡ ಹಿರಿಯರಲ್ಲಿ ಬಹಳ ಜನ ಊರಿಗೆ ಮರಳುವುದನ್ನು ನೋಡಲು ಬದುಕಿರುವುದಿಲ್ಲ. ಇನ್ನೂ ಮೇಲೆ ಹೋಗಿ, ಐದರಿಂದ ಏಳು: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮದುವೆಯಾಗಿ ಮಕ್ಕಳನ್ನು ಹೆರಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಒಂದನೇ ವಚನಕ್ಕೆ ಬಂದರೆ ಇದು ಯೆರೂಸಲೇಮಿನಿಂದ ಸೆರೆಯವರಿಗೆ ಯೆರೆಮೀಯ ಕಳಿಸಿದ ಪತ್ರ ಅಂತ ಗೊತ್ತಾಗುತ್ತದೆ.

ಅಲ್ಲಿಗೆ ನಿಲ್ಲಬೇಡಿ. ಹಿಂದಿನ ಅಧ್ಯಾಯದ ಬಾಣವನ್ನು ಒತ್ತಿ. 28ರಲ್ಲಿ ಹನನ್ಯ ಅನ್ನುವವನು ಎರಡೇ ವರ್ಷದೊಳಗೆ ಎಲ್ಲ ವಾಪಸ್ ಬರುತ್ತದೆ ಅಂತ ದೇವಾಲಯದಲ್ಲಿ ಎಲ್ಲರೆದುರು ಹೇಳುತ್ತಾನೆ, ಯೆರೆಮೀಯನ ಕುತ್ತಿಗೆಯ ಮೇಲಿದ್ದ ನೊಗವನ್ನು ಮುರಿಯುತ್ತಾನೆ. ಎಲ್ಲರಿಗೂ ಕೇಳಲು ಇಷ್ಟವಾಗಿದ್ದು ಅವನ ಮಾತು. ಈಗ 29:11ಕ್ಕೆ ಮರಳಿ ಓದಿ. ಅದು ಬೇಗ ಎಲ್ಲ ಸರಿಹೋಗುತ್ತದೆ ಅನ್ನುವ ಮಾತಲ್ಲ, ಬೇಗ ಸರಿಹೋಗುತ್ತದೆ ಅಂದವನಿಗೆ ಎದುರಾಗಿ ಹೇಳಿದ ಮಾತು. ಬಹಳ ಕಾಲ ಕಾಯಬೇಕು, ಆದರೂ ನಾನು ನಿಮ್ಮನ್ನು ಮರೆತಿಲ್ಲ ಅಂತ. ವರ್ಷಾನುಗಟ್ಟಲೆ ಕಾಯಿಲೆಯಲ್ಲಿ ಮಲಗಿರುವವರ ಹಾಸಿಗೆಯ ಪಕ್ಕ ಕೂತು ಇದನ್ನು ಓದಿ ಹೇಳಿ, ಕಾರ್ಡಿನ ಮೇಲಿನ ಒಂದು ಸಾಲಿಗಿಂತ ಎಷ್ಟು ಜಾಸ್ತಿ ಬಲ ಕೊಡುತ್ತದೆ ಅಂತ ನಿಮಗೇ ತಿಳಿಯುತ್ತದೆ. ಇದಕ್ಕೆ ಬೇಕಾಗಿದ್ದು ಎರಡು ಸಲ ಬೆರಳು ಸರಿಸುವುದು ಮತ್ತು ಒಂದು ಸಲ ಬಾಣ ಒತ್ತುವುದು.

ಹಾಗಾಗಿ ಒಂದು ಅಭ್ಯಾಸ ಮಾಡಿಕೊಳ್ಳಿ. ಹುಡುಕಾಟದ ಪಟ್ಟಿಯಿಂದ ನೇರವಾಗಿ ವಚನವನ್ನು ನಕಲು ಮಾಡಬೇಡಿ. ಮೊದಲು ಅಧ್ಯಾಯ ತೆರೆಯಿರಿ, ಮೇಲಕ್ಕೆ ಹೋಗಿ, ಮಾತು ಎಲ್ಲಿ ಶುರುವಾಯಿತು ಅಂತ ನೋಡಿ, ಆಮೇಲೆ ಕೆಳಗೆ ಬನ್ನಿ.

ಮಾತು ಶುರುವಾಗುವ ಜಾಗ ಅಧ್ಯಾಯ ಶುರುವಾಗುವ ಜಾಗವೇ ಆಗಿರಬೇಕು ಅಂತಿಲ್ಲ. ಯೆಶಾಯ 53 ಅಂತ ಹೇಳುತ್ತೇವಲ್ಲ, ಶ್ರಮೆಯ ಸೇವಕನ ಆ ಹಾಡು ಶುರುವಾಗುವುದು 52:13ರಲ್ಲಿ. ಫೋನಿನಲ್ಲಿ 53 ಒತ್ತಿದವರು ಮೂರು ವಚನ ಬಿಟ್ಟೇ ಓದುತ್ತಾರೆ. ಆ ಮೂರರಲ್ಲಿ ಸೇವಕನು ಬಹಳ ಉನ್ನತಕ್ಕೆ ಏರುವನು ಅನ್ನುವ ಮಾತಿದೆ. ಅದನ್ನು ಮೊದಲು ಕೇಳಿ ಆಮೇಲೆ ಧಿಕ್ಕಾರ, ಗಾಯ, ಮರಣ ಓದಿದರೆ ಇಡೀ ಹಾಡಿನ ಓಟವೇ ಬೇರೆ. ಸೃಷ್ಟಿಯ ಏಳನೇ ದಿನ ಆದಿಕಾಂಡ 2ರ ಮೊದಲ ಮೂರು ವಚನಗಳಲ್ಲಿ ಕೂತಿದೆ, ಉಳಿದ ಆರು ದಿನ 1ರಲ್ಲಿ. 1 ಕೊರಿಂಥ 11:1 ಹತ್ತನೇ ಅಧ್ಯಾಯದ ಕೊನೆಯ ಮಾತು. ಅಪೊಸ್ತಲರ ಕೃತ್ಯಗಳು 21ರ ಕೊನೆಯಲ್ಲಿ ಪೌಲ ಜನರಿಗೆ ಕೈಸನ್ನೆ ಮಾಡಿ ಮಾತಾಡಲು ಬಾಯಿ ತೆರೆಯುತ್ತಾನೆ, ಅವನ ಮಾತು 22ರಲ್ಲಿ. ಮದುವೆಗಳಲ್ಲಿ ಓದುವ 1 ಕೊರಿಂಥ 13 ಕೂಡ ಒಂಟಿ ಅಧ್ಯಾಯವಲ್ಲ. 12ರಲ್ಲಿ ಯಾರ ಆತ್ಮಿಕ ವರ ದೊಡ್ಡದು ಅಂತ ಜಗಳವಾಡುತ್ತಿದ್ದ ಸಭೆಗೆ ಹೇಳುತ್ತಾ ಬಂದ ಮಾತು ಅದು, 14ರಲ್ಲಿ ಅದೇ ವಿಷಯ ಮುಂದುವರಿಯುತ್ತದೆ.

ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಒಂದು ಸಣ್ಣ ಬದಲಾವಣೆ ಸಾಕು. ವಚನಕ್ಕೊಂದು ಸಾಲು ಅನ್ನುವುದನ್ನು ತೆಗೆದು ಪ್ಯಾರಾಗ್ರಾಫ್ ರೂಪಕ್ಕೆ ಬದಲಾಯಿಸಿ. ಹಲವು ಕಡೆ ನಂಬರುಗಳನ್ನೇ ಮರೆಮಾಡುವ ಆಯ್ಕೆಯೂ ಇದೆ. ಒಂದು ಪತ್ರವನ್ನು, ಫಿಲಿಪ್ಪಿಯವರಿಗೆ ಬರೆದದ್ದನ್ನೇ ತೆಗೆದುಕೊಳ್ಳಿ, ನಂಬರಿಲ್ಲದೆ ಒಂದೇ ಸಲ ಓದಿ. ನಾಲ್ಕು ಅಧ್ಯಾಯ, ಊಟಕ್ಕೆ ಕರೆಯುವುದರೊಳಗೆ ಮುಗಿಯುತ್ತದೆ. 4:13ರಲ್ಲಿ ಎಲ್ಲವನ್ನು ಮಾಡಲು ಶಕ್ತನಾಗಿದ್ದೇನೆ ಅನ್ನುವ ಮಾತು ಬರುವಾಗ, ಅದಕ್ಕೆ ಸ್ವಲ್ಪ ಮುಂಚೆ ಹಸಿವು, ಕೊರತೆ, ಸಮೃದ್ಧಿ ಎಲ್ಲದರಲ್ಲೂ ತೃಪ್ತನಾಗಿರಲು ಕಲಿತ ವಿಷಯ ಬಂದಿರುತ್ತದೆ, ಅದೂ ಸೆರೆಯಲ್ಲಿ ಕೂತು ಬರೆದದ್ದು. ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ಈಗ ನಂಬರ್ ಹೊಂದದ ಕಥೆ. ಇದನ್ನು ತಿಳಿದುಕೊಳ್ಳದಿದ್ದರೆ ಸುಮ್ನೆ ಗಾಬರಿಯಾಗುತ್ತದೆ.

ಕೀರ್ತನೆ 51. ನಮ್ಮಲ್ಲಿ ಶುದ್ಧಹೃದಯವನ್ನು ನಿರ್ಮಿಸು ಅನ್ನುವುದು ಹತ್ತನೇ ವಚನ. ಪಕ್ಕದ ಕಿಟಕಿಯಲ್ಲಿ ಹೀಬ್ರೂ ತೆರೆದರೆ ಅದೇ ಮಾತು ಹನ್ನೆರಡನೆಯದು. ಯಾಕೆಂದರೆ ದಾವೀದನ ಕೀರ್ತನೆ, ನಾತಾನನು ಬಂದಾಗ ರಚಿಸಿದ್ದು ಅನ್ನುವ ತಲೆಬರಹವನ್ನು ಹೀಬ್ರೂನಲ್ಲಿ ಎರಡು ವಚನವಾಗಿ ಎಣಿಸುತ್ತಾರೆ. ಗ್ರೀಕ್ ಹಳೆ ಒಡಂಬಡಿಕೆಯಲ್ಲೂ ಅದನ್ನು ಅನುಸರಿಸಿದ ಲ್ಯಾಟಿನ್ ಬೈಬಲಿನಲ್ಲೂ ಕೀರ್ತನೆ 9 ಮತ್ತು 10 ಸೇರಿ ಒಂದೇ. ಅಲ್ಲಿಂದ ಮುಂದೆ 147ರವರೆಗೆ ಹೆಚ್ಚಿನ ಕಡೆ ಒಂದು ನಂಬರ್ ಹಿಂದೆ. ನಮ್ಮ 23 ಅಲ್ಲಿ 22. ಹಳೆಯ ಕಥೋಲಿಕ ಪುಸ್ತಕಗಳಲ್ಲಿ ಕೀರ್ತನೆಯ ನಂಬರ್ ಬೇರೆ ಇರುವುದು ಇದಕ್ಕೆ. ಮಲಾಕಿಯ ನಮ್ಮಲ್ಲಿ ನಾಲ್ಕು ಅಧ್ಯಾಯ, ಹೀಬ್ರೂನಲ್ಲಿ ಮೂರು. ಯೋವೇಲ ನಮ್ಮಲ್ಲಿ ಮೂರು, ಅಲ್ಲಿ ನಾಲ್ಕು. ಈಗ ತಾನೇ ಓದಿದ ಯೆರೆಮೀಯ 29 ಗ್ರೀಕ್ ಅನುವಾದದಲ್ಲಿ 36ನೇ ಅಧ್ಯಾಯ. ಮಾತು ಎಲ್ಲೂ ಹೋಗಿಲ್ಲ, ಎಣಿಕೆ ಬೇರೆ. ಉಚಿತ ಬೈಬಲ್ ತಂತ್ರಾಂಶ ಮಾಡುವ ಕ್ರಾಸ್‌ವೈರ್ ಸಂಸ್ಥೆಯ ಸ್ವೋರ್ಡ್ ಯೋಜನೆಯಂಥ ಕಡೆ ಪ್ರತಿ ಪಠ್ಯಕ್ಕೂ ಅದರ ಎಣಿಕೆಯ ಪದ್ಧತಿ ಯಾವುದು ಅಂತ ಗುರುತು ಹಾಕಿರುತ್ತಾರೆ. ಆದರೂ ಎರಡು ಕಿಟಕಿ ಹೊಂದದೆ ಇರುವುದುಂಟು. ಆಗ ಆಚೀಚೆ ಎರಡು ವಚನ ನೋಡಿ.

ಇನ್ನೊಂದು ಕಡೆ ಜನ ನಿಜವಾಗಿ ಹೆದರುತ್ತಾರೆ. ಅಪೊಸ್ತಲರ ಕೃತ್ಯಗಳು 8:37ಕ್ಕೆ ಹೋಗಿ ಅಂದರೆ ಹಲವು ಹೊಸ ಅನುವಾದಗಳಲ್ಲಿ ಖಾಲಿ, ಅಥವಾ 36ರ ನಂತರ ನೇರ 38. ಮತ್ತಾಯ 17:21, ಮಾರ್ಕ 9:44, ಯೋಹಾನ 5:4 ಕೂಡ ಹೀಗೆ. 'ನೋಡಿ, ದೇವರ ವಾಕ್ಯದಿಂದ ವಚನ ಕಿತ್ತು ಹಾಕಿದ್ದಾರೆ' ಅನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಮಕ್ಕಳು ನಿಮ್ಮನ್ನೇ ಕೇಳುತ್ತಾರೆ, ಉತ್ತರ ಗೊತ್ತಿರಲಿ. 1551ರಲ್ಲಿ ಎಸ್ಟಿಯೆನ್ ನಂಬರ್ ಹಾಕಿದ್ದು ಆಗ ಕೈಗೆ ಸಿಕ್ಕಿದ್ದ ಗ್ರೀಕ್ ಪಠ್ಯಕ್ಕೆ. ಆಮೇಲೆ ಅದಕ್ಕಿಂತ ಬಹಳ ಹಳೆಯ, ನಾಲ್ಕನೇ ಶತಮಾನದ ಹಸ್ತಪ್ರತಿಗಳನ್ನು ವಿದ್ವಾಂಸರು ಓದಿ ಹೋಲಿಸಿದರು. ಅವುಗಳಲ್ಲಿ ಈ ಸಾಲುಗಳು ಇರಲಿಲ್ಲ. ಅದಕ್ಕೆ ಸಾಲನ್ನು ಅಡಿಟಿಪ್ಪಣಿಗೆ ಇಳಿಸಿದರು. ನಂಬರ್ ಬದಲಾಯಿಸಿದರೆ ಲೋಕದ ಎಲ್ಲ ಪುಸ್ತಕಗಳ ವಿಳಾಸ ತಪ್ಪುತ್ತದೆ, ಆದ್ದರಿಂದ ಉಳಿದ ನಂಬರುಗಳನ್ನು ಹಾಗೇ ಬಿಟ್ಟರು. ಆ ಜಾಗದಲ್ಲಿ ಒಂದು ಸಣ್ಣ ಗುರುತು ಇರುತ್ತದೆ, ಒತ್ತಿದರೆ ಆ ಸಾಲು ತೆರೆಯುತ್ತದೆ. ಯಾರೂ ಏನನ್ನೂ ಬಚ್ಚಿಟ್ಟಿಲ್ಲ.

ಆ ಸಣ್ಣ ಗುರುತುಗಳ ಬಗ್ಗೆ ಇನ್ನೊಂದು ಮಾತು. ಅವುಗಳಲ್ಲಿ ಕೆಲವು ಅಡಿಟಿಪ್ಪಣಿ, ಕೆಲವು ಬೇರೆ ವಚನಕ್ಕೆ ಕೊಂಡಿ. ಈ ಕೊಂಡಿಗಳು ನನ್ನ ಪ್ರಕಾರ ಇಡೀ ಸಾಫ್ಟ್‌ವೇರ್‌ನಲ್ಲಿ ಅತ್ಯಂತ ಬೆಲೆಬಾಳುವ ಭಾಗ. ಮಾರ್ಕ 1:2-3 ತೆರೆಯಿರಿ. ಯೆಶಾಯನ ಹೆಸರು ಹೇಳಿ ಮಾರ್ಕ ಎರಡು ಮಾತು ಕೊಡುತ್ತಾನೆ. ಕೊಂಡಿ ಒತ್ತಿದರೆ ಮೊದಲನೆಯದು ಮಲಾಕಿಯ 3:1ಕ್ಕೆ, ಎರಡನೆಯದು ಯೆಶಾಯ 40:3ಕ್ಕೆ ಹೋಗುತ್ತದೆ. ಎರಡೂ ಕಡೆ ಹೋಗಿ, ಅಲ್ಲಿನ ವಾಕ್ಯಭಾಗ ಓದಿ ಬನ್ನಿ. ಒಂದರಲ್ಲಿ ಶೋಧಿಸುವ ಬೆಂಕಿ, ಇನ್ನೊಂದರಲ್ಲಿ ಸಂತೈಸಿರಿ ಅನ್ನುವ ಧ್ವನಿ. ಎರಡನ್ನೂ ಜೋಡಿಸಿ ಮಾರ್ಕ ತನ್ನ ಸುವಾರ್ತೆಯನ್ನು ಆರಂಭಿಸಿದ್ದಾನೆ ಅನ್ನುವುದು ಆಗ ಕಾಣುತ್ತದೆ.

ಮಾರ್ಕ 15:34ರಲ್ಲಿ ಶಿಲುಬೆಯ ಮೇಲೆ ಯೇಸು ಕೂಗಿದ ಮಾತಿಗೂ ಹಾಗೇ ಮಾಡಿ. ಕೊಂಡಿ ಕೀರ್ತನೆ 22:1ಕ್ಕೆ ಒಯ್ಯುತ್ತದೆ. ಎಲ್ಲರೂ ಆ ಒಂದು ವಚನ ನೋಡಿ ಹಿಂದಕ್ಕೆ ಬಂದುಬಿಡುತ್ತಾರೆ. ಬರಬೇಡಿ, ಕೊನೆಯ ತನಕ ಓದಿ. ಹದಿನೆಂಟರಲ್ಲಿ ಬಟ್ಟೆ ಹಂಚಿಕೊಳ್ಳುವವರು ಸಿಗುತ್ತಾರೆ. ಇಪ್ಪತ್ತನಾಲ್ಕರಲ್ಲಿ ದೇವರು ಆ ಬಾಧೆಪಟ್ಟವನಿಗೆ ಮುಖ ಮರೆಮಾಡಲಿಲ್ಲ, ಅವನ ಕೂಗನ್ನು ಕೇಳಿದನು ಅಂತ ಬರುತ್ತದೆ. ಶುಭಶುಕ್ರವಾರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ. ದೂರ ಹೋಗಿ ದಾರಿ ತಪ್ಪಿತು ಅಂತ ಅನಿಸಿದರೆ ಹಿಂದಕ್ಕೆ ಹೋಗುವ ಬಾಣ ಅಥವಾ ಹಿಸ್ಟರಿ ಪಟ್ಟಿ ಇದೆ. ಎಲ್ಲೆಲ್ಲಿ ಹೋಗಿದ್ದಿರಿ ಅನ್ನುವುದು ಅಲ್ಲಿ ಸಾಲಾಗಿ ಇರುತ್ತದೆ.

ಮಾತು ಮುಗಿಸಿದ ಮೇಲೆ ಒಬ್ಬರು ಕೇಳಿದರು, ಇಷ್ಟೆಲ್ಲ ಮಾಡಲು ಯಾವ ಸಾಫ್ಟ್‌ವೇರ್ ಇಟ್ಟುಕೊಳ್ಳಬೇಕು ಅಂತ. ಬರೀ ಓದಲು, ಕೇಳಲು, ಹಂಚಿಕೊಳ್ಳಲು 2008ರಲ್ಲಿ ಶುರುವಾದ ಯೂವರ್ಷನ್ ಆ್ಯಪ್ ನಿಮ್ಮಲ್ಲಿ ಹೆಚ್ಚಿನವರ ಫೋನಿನಲ್ಲಿ ಈಗಾಗಲೇ ಇದೆ, ಕನ್ನಡ ಅನುವಾದಗಳೂ ಇವೆ. ಆಂಡ್ರಾಯ್ಡ್ ಫೋನಿನಲ್ಲಿ ಎರಡು ಮೂರು ಕಿಟಕಿ ಜೊತೆಗಿಟ್ಟು ಅಧ್ಯಯನ ಮಾಡುವವರಿಗೆ ಆ್ಯಂಡ್‌ಬೈಬಲ್ ನನಗೆ ಇಷ್ಟ. ಉಚಿತ, ಮುಕ್ತ ತಂತ್ರಾಂಶ, ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲೂ ನಡೆಯುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಇ-ಸ್ವೋರ್ಡ್ ಇದೆ. ಹೀಬ್ರೂ, ಗ್ರೀಕ್ ಪದಗಳ ತನಕ ಹೋಗಬೇಕು ಅನ್ನುವವರಿಗೆ ಕೇಂಬ್ರಿಜ್‌ನ ಟಿಂಡೇಲ್ ಹೌಸ್ ಮಾಡಿದ ಸ್ಟೆಪ್ ಬೈಬಲ್ ಒಳ್ಳೆಯದು. ಕನ್ನಡದ ಮಟ್ಟಿಗೆ 2019ರ ಐಆರ್‌ವಿ (ಇಂಡಿಯನ್ ರಿವೈಸ್ಡ್ ವರ್ಷನ್) ಅನುವಾದ ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ, ಅದನ್ನು ಯಾರು ಬೇಕಾದರೂ ತಮ್ಮ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳಬಹುದು. ನಮ್ಮ ಯುವಕರಲ್ಲಿ ಪ್ರೋಗ್ರಾಮಿಂಗ್ ಬಲ್ಲವರು ಕನ್ನಡದ ಸಂಧಿಗೆ ಒಗ್ಗುವ ಹುಡುಕಾಟವನ್ನು ಇದರ ಮೇಲೆ ಕಟ್ಟಬೇಕು ಅಂತ ನನ್ನ ಬಹಳ ದಿನದ ಆಸೆ. ಕೈಯೆತ್ತುವವರು ಇದ್ದರೆ ದಯವಿಟ್ಟು ಮಾತಾಡಿ.

ಇನ್ನೊಬ್ಬರ ಪ್ರಶ್ನೆ ಟಿಪ್ಪಣಿಗಳ ಬಗ್ಗೆ. ಆ್ಯಪ್ ಒಳಗೇ ಬರೆದಿಟ್ಟರೆ ಸಾಕಾ? ಸಾಲದು. ಬೈಬಲ್‌ವರ್ಕ್ಸ್ ಅನ್ನುವ ಸಾಫ್ಟ್‌ವೇರ್ ವಿದ್ವಾಂಸರು, ಅನುವಾದಕರು ವರ್ಷಗಟ್ಟಲೆ ಬಳಸಿದ್ದು, 2018ರಲ್ಲಿ ಆ ಕಂಪನಿ ಮುಚ್ಚಿತು. ಯಾವುದಕ್ಕೂ ಹೀಗೆ ಆಗಬಹುದು. ಆಗಾಗ ಟಿಪ್ಪಣಿಗಳನ್ನು ಹೊರಗೆ ತೆಗೆದು ಸಾಮಾನ್ಯ ಕಡತವಾಗಿ ಉಳಿಸಿ, ಯೂನಿಕೋಡ್ ಕನ್ನಡದಲ್ಲೇ. ಪ್ರತಿ ಟಿಪ್ಪಣಿಯ ತಲೆಯಲ್ಲಿ ಪುಸ್ತಕದ ಪೂರ್ತಿ ಹೆಸರು ಬರೆಯಿರಿ, ಯಾವ ಅನುವಾದ ಅಂತ ಬರೆಯಿರಿ, ಮತ್ತೆ ವಚನದ ನಂಬರ್ ಒಂದನ್ನೇ ಹಾಕದೆ ವಾಕ್ಯಭಾಗ ಎಲ್ಲಿಂದ ಎಲ್ಲಿಗೆ ಅಂತ ಹಾಕಿ: ಯೆರೆಮೀಯ 28:1 ರಿಂದ 29:14, ಹೀಗೆ.